ಸಂಜೆಯಾದರೆ ಗುಂಯ್‌ಗುಡುವ ಪ್ರಿಆಂಪ್: ಐಸಿಗಿಂತ ಮೊದಲು ಏನು ಬದಲಿಸಬೇಕು?

ಪ್ರಶ್ನೆ: ಮನೆಯಲ್ಲೇ 4558 ಐಸಿ ಹಾಕಿ ಸ್ಟೀರಿಯೊ ಪ್ರಿಆಂಪ್ (ಮುಖ್ಯ ಆಂಪ್ಲಿಫೈಯರ್‌ಗೆ ಮೊದಲು ಸಿಗ್ನಲ್ ಹಿಗ್ಗಿಸುವ ಘಟ್ಟ) ಮಾಡಿಕೊಂಡಿದ್ದೇನೆ. 12-0-12 ಟ್ರಾನ್ಸ್‌ಫಾರ್ಮರ್, ಎರಡು ಡಯೋಡ್, 2200 ಮೈಕ್ರೊಫ್ಯಾರಡ್ ಕೆಪಾಸಿಟರ್, 12 ವೋಲ್ಟನ್ನು ಸ್ಥಿರವಾಗಿಡುವ 7812 ರೆಗ್ಯುಲೇಟರ್. ಬೋರ್ಡಿಗೆ 12 ವೋಲ್ಟ್ ಮಾತ್ರ, ಮೈನಸ್ ಸಪ್ಲೈ ಇಲ್ಲ. ಇನ್‌ಪುಟ್‌ನಲ್ಲಿ 0.1 ಮೈಕ್ರೊಫ್ಯಾರಡ್, ಅದಾದ ಮೇಲೆ 100ಕೆ (ಒಂದು ಲಕ್ಷ ಓಮ್) ವಾಲ್ಯೂಮ್ ಪಾಟ್, ಅಂದರೆ ತಿರುಗಿಸುವ ರೆಸಿಸ್ಟರ್. ವಾಲ್ಯೂಮ್ ಅರ್ಧಕ್ಕೆ ತಂದರೆ ಸುಸ್ ಎನ್ನುತ್ತದೆ. ಸಂಜೆ ಪಂಪ್‌ಸೆಟ್‌ಗಳು ಶುರುವಾಗಿ ಕರೆಂಟ್ 180 ವೋಲ್ಟ್‌ಗೆ ಇಳಿದಾಗ ಗುಂಯ್ ಶಬ್ದವೂ ಸೇರಿಕೊಳ್ಳುತ್ತದೆ. ದುಬಾರಿ ಎಲ್‌ಎಂ4562 ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಹಾಕಲೇ?
– ಹಾವೇರಿ ಜಿಲ್ಲೆಯ ಓದುಗರು

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ಎರಡು ತೊಂದರೆಗಳಲ್ಲಿ ಒಂದಕ್ಕೂ ಐಸಿ ಕಾರಣವಲ್ಲ. ಸಂಜೆಯಷ್ಟೇ ಗುಂಯ್ ಬರುತ್ತದೆ ಎಂದು ನೀವು ಗಮನಿಸಿ ಬರೆದದ್ದರಿಂದ ಅರ್ಧ ಕೆಲಸ ಅಲ್ಲೇ ಮುಗಿಯಿತು.

230 ವೋಲ್ಟ್ ಇದ್ದಾಗ 12-0-12 ಟ್ರಾನ್ಸ್‌ಫಾರ್ಮರ್‌ನಿಂದ ಕೆಪಾಸಿಟರ್ ಮೇಲೆ ಸುಮಾರು 16 ವೋಲ್ಟ್ ನಿಲ್ಲುತ್ತದೆ. 180ಕ್ಕೆ ಇಳಿದಾಗ ಅದು 12.5ರ ಆಸುಪಾಸಿಗೆ ಬರುತ್ತದೆ. 7812 ನೆಟ್ಟಗೆ ಕೆಲಸ ಮಾಡಬೇಕಾದರೆ ಅದರ ಇನ್‌ಪುಟ್‌ನಲ್ಲಿ ಕನಿಷ್ಠ 14 ವೋಲ್ಟ್ ಬೇಕು. ಅಷ್ಟು ಸಿಗದಿದ್ದಾಗ ಸೆಕೆಂಡಿಗೆ 100 ಸಲದ ಏರಿಳಿತವನ್ನು ತಡೆಯದೆ ಬೋರ್ಡಿಗೆ ಬಿಟ್ಟುಬಿಡುತ್ತದೆ. ಸಂಜೆ ಒಮ್ಮೆ 7812ರ ಇನ್‌ಪುಟ್ ಕಾಲಿಗೆ ಮಲ್ಟಿಮೀಟರ್ ಹಿಡಿದರೆ ಇದು ಖಚಿತವಾಗುತ್ತದೆ. ಪರಿಹಾರ, 15-0-15 ಟ್ರಾನ್ಸ್‌ಫಾರ್ಮರ್. 180 ವೋಲ್ಟ್‌ನಲ್ಲೂ ಅದು ಹೆಚ್ಚುಕಡಿಮೆ 16 ವೋಲ್ಟ್ ಕೊಡುತ್ತದೆ. ರಾತ್ರಿ ಕರೆಂಟ್ ಏರಿದಾಗ ಇದೇ 23 ದಾಟಬಹುದು, ಹಾಗಾಗಿ 2200 ಕೆಪಾಸಿಟರ್ 35 ವೋಲ್ಟ್‌ನದೇ ಇರಲಿ.

ಇನ್ನೊಂದು ಜಾಗ ನೋಡಿ. ಮೈನಸ್ ಸಪ್ಲೈ ಇಲ್ಲದ ಬೋರ್ಡಿನಲ್ಲಿ 12 ವೋಲ್ಟನ್ನು ಅರ್ಧ ಮಾಡಲು ಎರಡು ರೆಸಿಸ್ಟರ್ ಇರುತ್ತವೆ, ಸಾಮಾನ್ಯವಾಗಿ 10ಕೆಯವು. ಅವು ಸೇರುವಲ್ಲಿಂದ ಗ್ರೌಂಡ್‌ಗೆ ಪುಟ್ಟದೊಂದು ಕೆಪಾಸಿಟರ್. ಸಪ್ಲೈನ ಗಲೀಜೆಲ್ಲ ಹಾಡಿನ ದಾರಿಗೆ ಸೇರುವುದು ಇಲ್ಲಿಂದಲೇ. ಅಲ್ಲಿ 10 ಮೈಕ್ರೊಫ್ಯಾರಡ್ ಇದ್ದರೆ ತೆಗೆದು 220 ಹಾಕಿ. ಆ ದಾರಿಯಿಂದ ಬರುವ ಗುಂಯ್ ಇಪ್ಪತ್ತು ಪಟ್ಟಿಗೂ ಹೆಚ್ಚು ಇಳಿಯುತ್ತದೆ. ಕೆಲವೇ ರೂಪಾಯಿಯ ಈ ಬಿಡಿಭಾಗ ಕೊಡುವಷ್ಟು ಸುಧಾರಣೆಯನ್ನು ಬೇರೆ ಯಾವುದೂ ಕೊಡುವುದಿಲ್ಲ. ಬದಲಿಸಿದ ಮೇಲೆ ಸ್ವಿಚ್ ಹಾಕಿದಾಗ ಸದ್ದು ಬರಲು ಕೆಲವು ಸೆಕೆಂಡ್ ತಡವಾಗುತ್ತದೆ, ಗಾಬರಿಯಾಗಬೇಡಿ.

ಈಗ ಸುಸ್ ಶಬ್ದ. ಇದರ ಮೂಲ ನಿಮ್ಮ 100ಕೆ ಪಾಟ್. ಯಾವ ರೆಸಿಸ್ಟೆನ್ಸ್ ಆದರೂ ತನ್ನಷ್ಟಕ್ಕೇ ಸಣ್ಣ ಗದ್ದಲ ಹುಟ್ಟಿಸುತ್ತದೆ. ಜಾನ್ಸನ್ ಮತ್ತು ನೈಕ್ವಿಸ್ಟ್ 1928ರಲ್ಲೇ ಇದರ ಲೆಕ್ಕ ಕೊಟ್ಟಿದ್ದಾರೆ. ಪಾಟ್ ನಡುವಿನಲ್ಲಿದ್ದಾಗ ಐಸಿಗೆ ಅದು 25ಕೆ ರೆಸಿಸ್ಟರ್‌ನಂತೆ ಕಾಣುತ್ತದೆ. ಅದರ ಗದ್ದಲ ಹರ್ಟ್ಜ್‌ನ ವರ್ಗಮೂಲಕ್ಕೆ 20 ನ್ಯಾನೊವೋಲ್ಟ್ (ಗದ್ದಲ ಅಳೆಯುವ ರೂಢಿಯ ಮಾನ ಇದು, ಸಂಖ್ಯೆ ಕಡಿಮೆಯಿದ್ದಷ್ಟೂ ಒಳ್ಳೆಯದು). 4558ರ ಜಾಗದಲ್ಲಿ ಹಾಕಬಹುದಾದ ಇನ್ನೊಂದು ಐಸಿ ಎನ್‌ಇ5532ರ ಸ್ವಂತ ಗದ್ದಲ 5, ಎಲ್‌ಎಂ4562ರದು 2.7. ಆದರೆ 4562ರ ಇನ್‌ಪುಟ್‌ನಲ್ಲಿ ಹರಿಯುವ ಕರೆಂಟಿನ ಗದ್ದಲ 5532ರದಕ್ಕಿಂತ ಎರಡು ಪಟ್ಟು ಜಾಸ್ತಿ. ಆ ಕರೆಂಟ್ 25ಕೆ ಮೂಲಕ ಹಾದಾಗ 40 ನ್ಯಾನೊವೋಲ್ಟ್ ಆಗುತ್ತದೆ. ಅಂದರೆ ಈಗಿನ ಪಾಟ್ ಹಾಗೇ ಇಟ್ಟು ದುಬಾರಿ ಐಸಿ ಹಾಕಿದರೆ ಸುಸ್ ಇನ್ನೂ ಹೆಚ್ಚುತ್ತದೆ!

10ಕೆ ಪಾಟ್ ಹಾಕಿ. ಮೇಲೆ ‘ಎ’ ಎಂದಿರುವ ಲಾಗ್ ಪಾಟ್ ಕೇಳಿ ತನ್ನಿ. ‘ಬಿ’ ಲೀನಿಯರ್, ಅದನ್ನು ವಾಲ್ಯೂಮ್‌ಗೆ ಹಾಕಿದರೆ ಸ್ವಲ್ಪ ತಿರುಗಿಸುವಷ್ಟರಲ್ಲಿ ಸದ್ದು ನುಗ್ಗಿಬಿಡುತ್ತದೆ. ಪಾಟ್ ಜೊತೆಗೆ ಇನ್‌ಪುಟ್‌ನ 0.1 ಕೆಪಾಸಿಟರನ್ನೂ ಬದಲಿಸಲೇಬೇಕು. 100ಕೆ ಜೊತೆ ಅದು 16 ಹರ್ಟ್ಜ್‌ವರೆಗೂ ಬೇಸ್ ಬಿಡುತ್ತಿತ್ತು. 10ಕೆ ಜೊತೆ 160 ಹರ್ಟ್ಜ್‌ಗೇ ಕತ್ತರಿ ಬೀಳುತ್ತದೆ, ಮೃದಂಗದ ಎಡಭಾಗದ ಗುಮ್ಕಿಯೇ ಸೊರಗುತ್ತದೆ. 2.2 ಮೈಕ್ರೊಫ್ಯಾರಡ್ ಪಾಲಿಯೆಸ್ಟರ್ ಸಾಕು. ಮೊಬೈಲ್, ಸಿಡಿ ಪ್ಲೇಯರ್‌ಗಳಿಗೆ 10ಕೆ ಭಾರವಾಗುವುದಿಲ್ಲ.

ಇಷ್ಟಾದ ಮೇಲೆ 5532 ಹಾಕಿ, ಖಂಡಿತ ಒಳ್ಳೆಯದು. ಕಾಲುಗಳ ಜೋಡಣೆ 4558ರದ್ದೇ. ಎಂಟು ಪಿನ್ನಿನ ಸಾಕೆಟ್ ಸೋಲ್ಡರ್ ಮಾಡಿ ಅದರಲ್ಲಿ ಕೂರಿಸಿ. 4 ಮತ್ತು 8ನೇ ಪಿನ್ನಿನ ನಡುವೆ, ಸಾಕೆಟ್‌ಗೆ ಅಂಟಿದಂತೆಯೇ, 0.1 ಸೆರಾಮಿಕ್ ಕೆಪಾಸಿಟರ್ ಇರಲಿ. ಇಲ್ಲದಿದ್ದರೆ 5532 ಕಿವಿಗೆ ಕೇಳಿಸದ ಆವರ್ತನದಲ್ಲಿ ಆಸಿಲೇಟ್ ಆಗುವ, ಅಂದರೆ ತಾನಾಗಿಯೇ ಕಂಪಿಸುವ, ಅಪಾಯವಿದೆ.

ಎಲ್ಲಿಂದಲೇ ತಂದರೂ ನಕಲಿ ಐಸಿಯ ಭಯ ಇದ್ದದ್ದೇ. ಹಳೆಯದರ ಮೇಲೆ ಹೊಸ ನಂಬರ್ ಒತ್ತಿ ಮಾರುತ್ತಾರೆ. ಬೋರ್ಡಿಗೆ ಹೋಗುವ 12 ವೋಲ್ಟ್ ವೈರಿನ ನಡುವೆ 100 ಓಮ್ ರೆಸಿಸ್ಟರ್ ಹಾಕಿ, ಅದರ ಎರಡು ತುದಿಗೆ ಮೀಟರ್ ಹಿಡಿಯಿರಿ. ನಿಜವಾದ 5532 ಇದ್ದರೆ 0.8 ವೋಲ್ಟ್ ಆಸುಪಾಸು ತೋರಿಸುತ್ತದೆ. 0.4 ಬಂದರೆ ಒಳಗಿರುವುದು ಹೆಚ್ಚಾಗಿ 4558ರ ಜಾತಿಯದೇ. ಅಳತೆ ಮುಗಿದ ಮೇಲೆ ಆ ರೆಸಿಸ್ಟರ್ ತೆಗೆಯಿರಿ.

ಕಬ್ಬಿಣದ ಡಬ್ಬಿಯಲ್ಲಿ ಕೂರಿಸಿದ್ದರೆ ಮೂರು ಪಿನ್ನಿನ ಪ್ಲಗ್ ಬಳಸಿ ಡಬ್ಬಿಗೆ ಅರ್ಥ್ ಕೊಡಿ. ಗುಂಯ್ ನಿಲ್ಲಿಸಲು ಅರ್ಥ್ ವೈರ್ ಕಿತ್ತುಹಾಕಿ ಎಂದು ಯಾರು ಹೇಳಿದರೂ ಕೇಳಬೇಡಿ. ಟ್ರಾನ್ಸ್‌ಫಾರ್ಮರ್ ಸುಟ್ಟು ಡಬ್ಬಿಗೆ ಕರೆಂಟ್ ಬಂದ ದಿನ ಜೀವ ಉಳಿಸುವುದು ಆ ವೈರೇ.