ಓದುಗರ ಪ್ರಶ್ನೆ: ಕಡಲಿನಲ್ಲಿ ರೇಡಿಯೊ ತೋರುವ ಜಾಗ

ಪ್ರಶ್ನೆ: ನಮ್ಮ ಅಕ್ಕನ ಮಗ ಸರಕು ಹಡಗೊಂದರಲ್ಲಿ ಕೆಡೆಟ್ ಆಗಿ ಸೇರಿದ್ದಾನೆ. ಜಿಪಿಎಸ್ ಇದ್ದರೂ, ರೇಡಾರಿನಲ್ಲಿ ತೀರದ ಗುರುತುಗಳ ದೂರ ಅಳೆದು ನಕ್ಷೆಯ ಮೇಲೆ ಹಡಗಿನ ಸ್ಥಾನವನ್ನು ಪೆನ್ಸಿಲಿನಿಂದ ಗುರುತಿಸಲೇಬೇಕೆಂದು ಅಧಿಕಾರಿಗಳು ಹೇಳುತ್ತಾರಂತೆ. ಈ ಶ್ರಮವೇಕೆ? ಉಪಗ್ರಹಗಳಿಗೆ ಮುಂಚೆ ರೇಡಿಯೊದಿಂದ ಸ್ಥಾನ ತಿಳಿಯುತ್ತಿದ್ದದ್ದು ಹೇಗೆ?
– ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ತಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಮೊದಲನೆಯದರ ಉತ್ತರ ಅದರೊಳಗೇ ಇದೆ. ಇಂಥ ಸಾಧನಗಳಲ್ಲಿ ರೇಡಿಯೊ ಅಲೆಯಿಂದ ಅಳೆಯುವುದು ಕಾಲವನ್ನು. ಸ್ಥಾನವನ್ನು ಆ ಕಾಲದಿಂದ ಲೆಕ್ಕ ಹಾಕಿ ತೆಗೆಯಬೇಕು.

ಜಾತ್ರೆಯ ದಿನ ತಮ್ಮ ಹೊಲದ ಆಚೆಗೊಂದು, ಈಚೆಗೊಂದು ಊರಿನಲ್ಲಿ ಒಂದೇ ಗಳಿಗೆಗೆ ಮದ್ದು ಹಾರಿಸಿದರೆಂದು ಇಟ್ಟುಕೊಳ್ಳಿ. ತಾವು ತೊಗರಿ ಸಾಲಿನ ನಡುವೆ ನಿಂತಿದ್ದೀರಿ. ಒಂದು ಊರಿನ ಸದ್ದು ಕೇಳಿದ 3 ಸೆಕೆಂಡಿನ ಮೇಲೆ ಇನ್ನೊಂದು ಊರಿನದು ಕೇಳಿತು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, ಮೊದಲನೆಯ ಊರು ಎರಡನೆಯದಕ್ಕಿಂತ ತಮಗೆ ಸುಮಾರು ಒಂದು ಕಿಲೋಮೀಟರ್ ಹತ್ತಿರದಲ್ಲಿದೆ ಎಂದಾಯಿತು. ಆದರೆ ಅಷ್ಟೇ ವ್ಯತ್ಯಾಸ ಕೇಳಿಸುವ ಜಾಗಗಳು ಹಲವಾರು. ಅವನ್ನೆಲ್ಲ ಸೇರಿಸಿ ಗೆರೆ ಎಳೆದರೆ ನಮ್ಮ ಗಣಿತ ಪಠ್ಯಗಳು ಅತಿಪರವಲಯ ಎಂದು ಕರೆಯುವ ಬಾಗಿದ ರೇಖೆ ಬರುತ್ತದೆ. ಮೂರನೆಯ ಊರಿನ ಸದ್ದನ್ನೂ ಸೇರಿಸಿಕೊಂಡು ಇನ್ನೊಂದು ರೇಖೆ ಎಳೆದರೆ, ಎರಡೂ ಕೂಡುವಲ್ಲಿ ತಾವು ನಿಂತಿರುತ್ತೀರಿ.

ಉಪಗ್ರಹಗಳಿಗೆ ಮುಂಚೆ ಹಡಗುಗಳು ಸ್ಥಾನ ತಿಳಿಯಲು ಬಳಸುತ್ತಿದ್ದ ಲೋರಾನ್-ಸಿ ಎಂಬ ರೇಡಿಯೊ ವ್ಯವಸ್ಥೆ ಇದೇ ತತ್ವದ ಮೇಲೆ ನಡೆಯುತ್ತಿತ್ತು. ಒಂದು ಮುಖ್ಯ ಕೇಂದ್ರ, ಅದರ ಹಿಂದೆ ನಿಗದಿತ ತಡದೊಂದಿಗೆ ಉಪಕೇಂದ್ರಗಳು 100 ಕಿಲೋಹರ್ಟ್ಸ್ ಆವರ್ತನದಲ್ಲಿ ಮಿಡಿತಗಳನ್ನು ಬಿಡುತ್ತಿದ್ದವು. ನಮ್ಮ ಪಶ್ಚಿಮ ಕರಾವಳಿಯ ಸರಣಿಯಲ್ಲಿ ಗುಜರಾತಿನ ಧ್ರಾಂಗಧ್ರಾ, ವೆರಾವಲ್ ಮತ್ತು ಬಿಲಿಮೋರಾ ಕೇಂದ್ರಗಳಿದ್ದವು. ರೇಡಿಯೊ ಅಲೆ ಒಂದು ಮೈಕ್ರೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿನಲ್ಲಿ, ಸುಮಾರು 300 ಮೀಟರ್ ಸಾಗುವುದರಿಂದ ವ್ಯತ್ಯಾಸವನ್ನು ಮೈಕ್ರೊಸೆಕೆಂಡಿನಲ್ಲೇ ಅಳೆಯಬೇಕಿತ್ತು. ಸಮುದ್ರದ ನಕ್ಷೆಗಳ ಮೇಲೆ ಆ ಬಾಗಿದ ರೇಖೆಗಳನ್ನು ಬಣ್ಣಗಳಲ್ಲಿ ಮುದ್ರಿಸಿರುತ್ತಿದ್ದರು. ಅಧಿಕಾರಿಯು ಯಂತ್ರದ ಅಂಕೆಯನ್ನು ಓದಿ, ಎರಡು ಮುದ್ರಿತ ಗೆರೆಗಳ ನಡುವೆ ಅದು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕಿ ಚುಕ್ಕೆ ಇಡುತ್ತಿದ್ದ. ಆಕಾಶದ ಅಯಾನುಗೋಳಕ್ಕೆ, ಅಂದರೆ ಮೇಲಿನ ವಾತಾವರಣದ ವಿದ್ಯುದಾವೇಶದ ಪದರಕ್ಕೆ, ತಾಗಿ ಮರಳುವ ಅಲೆ ತಡವಾಗಿ ಬರುವುದರಿಂದ, ನೆಲವನ್ನು ಅನುಸರಿಸಿ ಬಂದ ಅಲೆಯನ್ನೇ ಹಿಡಿಯುವಂತೆ ಯಂತ್ರವನ್ನು ರೂಪಿಸಲಾಗಿತ್ತು. ಜಿಪಿಎಸ್ ಬಂದ ಮೇಲೆ ಅಮೆರಿಕ 2010ರಲ್ಲಿ ತನ್ನ ಲೋರಾನ್-ಸಿ ಪ್ರಸಾರವನ್ನು ನಿಲ್ಲಿಸಿತು. ಜಿಪಿಎಸ್ ಕೂಡ ಕಾಲವನ್ನೇ ಅಳೆಯುತ್ತದೆ. ಅದರ ಗಡಿಯಾರಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ, ಅಷ್ಟೇ.

ಇನ್ನು ಪೆನ್ಸಿಲಿನ ವಿಷಯ. 1995ರ ಜೂನ್‌ನಲ್ಲಿ ಬರ್ಮುಡಾದಿಂದ ಬಾಸ್ಟನ್‌ಗೆ ಹೊರಟ ರಾಯಲ್ ಮೆಜೆಸ್ಟಿ ಎಂಬ ಪ್ರಯಾಣಿಕರ ಹಡಗಿನಲ್ಲಿ ಜಿಪಿಎಸ್ ಆಂಟೆನಾದ ತಂತಿ ಕಳಚಿಹೋಯಿತು. ಯಂತ್ರವು ಉಪಗ್ರಹಗಳನ್ನು ಬಿಟ್ಟು, ಹೊರಟ ದಿಕ್ಕು ಮತ್ತು ವೇಗಗಳಿಂದ ಅಂದಾಜು ಸ್ಥಾನವನ್ನು ತೋರಿಸತೊಡಗಿತು. ಗಾಳಿ, ಪ್ರವಾಹಗಳು ಹಡಗನ್ನು ತಳ್ಳಿದ್ದು ಅದರ ಲೆಕ್ಕಕ್ಕೆ ಬರಲಿಲ್ಲ. ಸುಮಾರು 34 ಗಂಟೆಗಳ ಕಾಲ ಯಾರಿಗೂ ಇದು ಗೊತ್ತಾಗಲಿಲ್ಲ. ಹಡಗು ದಾರಿಯಿಂದ ಸುಮಾರು 17 ಮೈಲಿ ಸರಿದು, ನಾಂಟಕೆಟ್ ದ್ವೀಪದ ಬಳಿ ಮರಳಿನ ದಿಬ್ಬಕ್ಕೆ ಸಿಕ್ಕಿಹಾಕಿಕೊಂಡಿತು. ವಿಪರ್ಯಾಸವೆಂದರೆ ಅದೇ ಹಡಗಿನಲ್ಲಿ ಲೋರಾನ್-ಸಿ ಯಂತ್ರವೂ ಇತ್ತು. ಅದರ ಅಂಕೆಯನ್ನು ಜಿಪಿಎಸ್ ಅಂಕೆಯೊಂದಿಗೆ ಹೋಲಿಸಿದ್ದರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತಿತ್ತು. ತಮ್ಮ ಹುಡುಗನಿಗೆ ಇದನ್ನು ಓದಿ ಹೇಳಿ. ಅವನ ಬೇಸರ ಕಡಿಮೆಯಾದೀತು.

ನಕ್ಷೆಯ ಮೇಲೆ ಗುರುತು ಹಾಕುವಾಗ ಹೊಸಬರು ಸಾಮಾನ್ಯವಾಗಿ ಎಡವುವ ಜಾಗವೊಂದಿದೆ. ದೂರವನ್ನು ಡಿವೈಡರ್‌ನಿಂದ ಅಳೆಯುವಾಗ ನಕ್ಷೆಯ ಪಕ್ಕದ ಅಕ್ಷಾಂಶದ ಅಂಚನ್ನು, ಅದರಲ್ಲೂ ತಾವಿರುವ ಅಕ್ಷಾಂಶದ ನೇರಕ್ಕಿರುವ ಭಾಗವನ್ನೇ ಬಳಸಬೇಕು. ಅಕ್ಷಾಂಶದ ಒಂದು ಮಿನಿಟು (ಡಿಗ್ರಿಯ ಅರವತ್ತರಲ್ಲೊಂದು ಪಾಲು) ಒಂದು ನಾಟಿಕಲ್ ಮೈಲಿ, ಅಂದರೆ 1,852 ಮೀಟರ್. ಮೇಲಿನ ರೇಖಾಂಶದ ಅಂಚಿನಲ್ಲಿ ಅಳೆದರೆ ತಪ್ಪಾಗುತ್ತದೆ: ನಮ್ಮ ಕಲಬುರಗಿಯ ಅಕ್ಷಾಂಶದಲ್ಲಿ ರೇಖಾಂಶದ ಒಂದು ಮಿನಿಟು ಸುಮಾರು 1,770 ಮೀಟರ್ ಮಾತ್ರ, ಉತ್ತರಕ್ಕೆ ಹೋದಷ್ಟೂ ಅದು ಇನ್ನೂ ಕುಗ್ಗುತ್ತದೆ. ಅಂದಹಾಗೆ, ಭಾರತದ ಸಮುದ್ರ ನಕ್ಷೆಗಳನ್ನು ತಯಾರಿಸುವ ರಾಷ್ಟ್ರೀಯ ಜಲಮಾಪನ ಕಚೇರಿ ಇರುವುದು ಡೆಹ್ರಾಡೂನಿನಲ್ಲಿ. ಕಡಲಿನಿಂದ ಅದು ನಮಗಿಂತಲೂ ದೂರ.

ಪ್ರಶ್ನೆ: ನೆಟ್‌ವರ್ಕ್ ಇಲ್ಲದ ನಡುಗಡಲಿನಲ್ಲಿ ಮೊಬೈಲ್ ನಮ್ಮ ಸ್ಥಾನವನ್ನು ತೋರಿಸುತ್ತದೆಯೇ?
– ವಿದ್ಯಾರ್ಥಿನಿ, ಬೀದರ್

ಉತ್ತರ: ತೋರಿಸುತ್ತದೆ. ಮೊಬೈಲ್ ಉಪಗ್ರಹದ ಸಂಕೇತವನ್ನು ಕೇಳಿಸಿಕೊಳ್ಳುತ್ತದೆಯೇ ಹೊರತು ಅದಕ್ಕೆ ಏನನ್ನೂ ಕಳಿಸುವುದಿಲ್ಲ, ಆದ್ದರಿಂದ ಟವರ್ ಬೇಕಿಲ್ಲ. ಮೊದಲ ಸಲ ಉಪಗ್ರಹಗಳನ್ನು ಹುಡುಕಲು ಮಾತ್ರ ಹೆಚ್ಚು ಹೊತ್ತು ಹಿಡಿಯಬಹುದು. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರದಿದ್ದರೆ ಖಾಲಿ ಪರದೆಯ ಮೇಲೆ ಚುಕ್ಕೆ ಮಾತ್ರ ಕಾಣುತ್ತದೆ. ಬೀದರ ಕೋಟೆಯ ಬಯಲಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ ನೋಡಿ, ಚುಕ್ಕೆ ನಿಮ್ಮೊಂದಿಗೇ ಚಲಿಸುತ್ತದೆ; ನೌಬಾದಿನ ಕರೇಜ್ ಸುರಂಗದೊಳಗೆ ಇಳಿದರೆ ಅದು ನಿಂತುಹೋಗುತ್ತದೆ, ಏಕೆಂದರೆ ಅಷ್ಟು ದೂರದಿಂದ ಬರುವ ಕ್ಷೀಣ ಅಲೆ ಕಲ್ಲನ್ನು ದಾಟಲಾರದು.