ಲೆಕ್ಕ ಬರಲ್ಲ, ಚಪ್ಪಾಳಿ ಇಲ್ಲ: ತಮ್ಮನ ಮೇಲೆ ಕಥೆ ಬರೆದ ಅಕ್ಕನ ಪ್ರಕರಣ

ಇದು ಸಲಹೆ ಕೇಳಿ ನನ್ನ ಹತ್ತಿರ ಬಂದ, ಕಲಬುರಗಿಯ ಒಂದು ಮನೆಯ ಪ್ರಕರಣ. ಬರೆಯಲು ಅಕ್ಕ, ತಮ್ಮ ಇಬ್ಬರೂ ಒಪ್ಪಿದ್ದಾರೆ. ಗುರುತು ಸಿಗಬಾರದು ಅಂತ ವಯಸ್ಸು, ಓಣಿ, ಇನ್ನೂ ಕೆಲವು ವಿವರ ಬದಲಿಸಿದ್ದೇನೆ. ಹೆಸರು ಹಾಕಿಲ್ಲ.

ಅಕ್ಕ ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಟೀಚರ್. ತಮ್ಮನಿಗೆ 19 ವರ್ಷ, ಆಟಿಸಂ ಇದೆ, ಅಂದರೆ ಮೆದುಳಿನ ಬೆಳವಣಿಗೆಯೇ ಬೇರೆ ಥರ ಇದ್ದು ಮಾತು, ಬೆರೆಯುವ ರೀತಿ, ನಡವಳಿಕೆ ಬೇರೆಯಾಗಿರುವುದು. ಓದುತ್ತಾನೆ, ಬರೆಯುತ್ತಾನೆ, ಮಾತು ಕಡಿಮೆ. ಕಿವಿಗೆ ಬಿದ್ದ ಮಾತನ್ನೋ ಓದಿದ ಸಾಲನ್ನೋ ಹಿಡಿದುಕೊಂಡು ಮತ್ತೆ ಮತ್ತೆ ಹೇಳುವುದು ಜಾಸ್ತಿ. ಬಸ್ಸು ಅಂದ್ರೆ ಪ್ರಾಣ. ಸೇಡಂ, ಆಳಂದ, ಜೇವರ್ಗಿ, ಚಿಂಚೋಳಿ ಬಸ್ಸುಗಳ ಬೋರ್ಡು ಓದುತ್ತಾ ಬಸ್ ಸ್ಟ್ಯಾಂಡಿನಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರುತ್ತಾನೆ. ಹಳೇ ಬಸ್ಸಿನ ಮೇಲೆ ಇನ್ನೂ ‘ಈಶಾನ್ಯ’ ಅಂತ ಕಂಡರೆ ಸಿಟ್ಟು, ಯಾಕಂದ್ರೆ ಸಾರಿಗೆ ನಿಗಮದ ಹೆಸರು 2021ರಲ್ಲೇ ‘ಕಲ್ಯಾಣ ಕರ್ನಾಟಕ’ ಅಂತ ಬದಲಾಗಿದೆ, ಇವರು ಯಾಕೆ ಅಳಿಸಿಲ್ಲ ಅನ್ನುವುದು ಅವನ ತಕರಾರು.

ಅಕ್ಕನ ಶಾಲೆಯಲ್ಲಿ ಈ ವರ್ಷ ಐದನೇ ಕ್ಲಾಸಿಗೆ ಆಟಿಸಂ ಇರುವ ಹುಡುಗನೊಬ್ಬ ಸೇರಿದ್ದ. ಉಳಿದ ಮಕ್ಕಳು ಅವನನ್ನು ‘ಮೆಂಟಲ್’ ಅಂತ ಕರೆಯುತ್ತಿದ್ದರು, ಟಿಫಿನ್ ಡಬ್ಬಿ ಬಚ್ಚಿಡುತ್ತಿದ್ದರು. ಬೈದು ಹೇಳಿದರೆ ತಲೆಗೆ ಹೋಗುವುದಿಲ್ಲ, ಕಥೆಯಾದರೆ ಹೋಗುತ್ತದೆ ಅಂತ ಈಕೆ ಒಂದು ಕಥೆ ಬರೆದು, ಗ್ಯಾದರಿಂಗ್‌ಗೆ (ಶಾಲೆಯ ವಾರ್ಷಿಕೋತ್ಸವಕ್ಕೆ) ನಾಟಕ ಮಾಡಿಸುವ ತಯಾರಿ ನಡೆಸಿದ್ದರು. ಕಥೆ ಹೀಗಿದೆ. ಒಬ್ಬ ಹುಡುಗ, ಯಾರ ಜೊತೆಗೂ ಮಾತಿಲ್ಲ, ಕೈ ಅಲ್ಲಾಡಿಸುತ್ತಾ ಗೋಡೆ ನೋಡುತ್ತಾನೆ, ಎಲ್ಲರೂ ನಗುತ್ತಾರೆ. ಒಂದು ದಿನ ಹೆಡ್ ಮಾಸ್ತರಿಗೂ ಬಿಡಿಸಲಾಗದ ಲೆಕ್ಕವನ್ನು ಬೋರ್ಡಿನ ಮೇಲೆ ಸರಸರ ಬಿಡಿಸಿಬಿಡುತ್ತಾನೆ. ಚಪ್ಪಾಳೆಯೋ ಚಪ್ಪಾಳೆ. ನಕ್ಕವರೆಲ್ಲ ಅತ್ತು ಸಾರಿ ಕೇಳುತ್ತಾರೆ.

ಮನೆಯಲ್ಲಿ ಟೇಬಲ್ ಮೇಲಿದ್ದ ಪ್ರಿಂಟ್ ತಮ್ಮನ ಕೈಗೆ ಸಿಕ್ಕಿತು. ಅವನು ಪೂರ್ತಿ ಓದಿದ. ಅವತ್ತಿನಿಂದ ರಾತ್ರಿ ಲೈಟ್ ಹಾಕಿಕೊಂಡು ನೋಟ್‌ಬುಕ್ಕಿನ ತುಂಬ ಗುಣಾಕಾರ. ಅರ್ಧಕ್ಕರ್ಧ ತಪ್ಪು. ಊಟಕ್ಕೆ ಕರೆದರೆ, ರೊಟ್ಟಿ ಮುಂದಿಟ್ಟರೆ, ಒಂದೇ ಮಾತು: “ಲೆಕ್ಕ ಬರಲ್ಲ, ಚಪ್ಪಾಳಿ ಇಲ್ಲ.”

“ಅವನಿಗ್ ಒಳ್ಳೇದಾಗ್ಲಿ ಅಂತ ಬರದಿದ್ದೆ ರೀ ಮೇಡಂ, ಅವನೇ ಹಿಂಗ ಆಗ್ಯಾನ. ಹರದ್ ಹಾಕಿಬಿಡ್ಲೇನ್ರಿ?” ಅಂತ ಅಕ್ಕ ಕೇಳಿದರು.

ಹರಿಯಬೇಡಿ ಅಂದೆ. ಅವನು ಹೇಳುತ್ತಿರುವುದು ಅರ್ಥವಿಲ್ಲದ ಬಡಬಡಿಕೆ ಅಲ್ಲ. ಆ ಕಥೆಯ ಬಗ್ಗೆ ಯಾರೇ ಹೇಳಬಹುದಾದ ಅತ್ಯಂತ ನೇರವಾದ ಮಾತನ್ನೇ ಅವನು ಹೇಳಿದ್ದಾನೆ. ಲೆಕ್ಕ ಬಂದರೆ ಮಾತ್ರ ಮರ್ಯಾದೆ ಅಂತ ಕಥೆ ಹೇಳುತ್ತಿದೆ, ನನಗೆ ಲೆಕ್ಕ ಬರುವುದಿಲ್ಲ, ಹಾಗಾದರೆ ನನ್ನ ಗತಿ ಏನು? ಐದನೇ ಕ್ಲಾಸಿನ ಆ ಹುಡುಗನಿಗೂ ಲೆಕ್ಕ ಬರದಿದ್ದರೆ ಮಕ್ಕಳು ಡಬ್ಬಿ ಬಚ್ಚಿಡುತ್ತಲೇ ಇರಬಹುದು ಅಂತಾಗುತ್ತದೆ ಅಲ್ವಾ?

ಆಟಿಸಂ ಅಂದ ಕೂಡಲೇ ಲೆಕ್ಕದ ಜಾದೂ ನೆನಪಾಗುವುದರಲ್ಲಿ ಸಿನಿಮಾದ ಪಾಲು ದೊಡ್ಡದು. ಆಟಿಸಂ ಇದ್ದು ಲೆಕ್ಕದಲ್ಲಿ ಜಾದೂ ತೋರಿಸುವ ಪಾತ್ರವಿದ್ದ 1988ರ ಇಂಗ್ಲಿಷ್ ಸಿನಿಮಾ ‘ರೇನ್ ಮ್ಯಾನ್’ ಬಂದ ಮೇಲೆ ಈ ಕಲ್ಪನೆ ಜಗತ್ತಿನ ತುಂಬ ಹರಡಿತು. ತಮಾಷೆ ಅಂದ್ರೆ, ಆ ಕಥೆಗೆ ಪ್ರೇರಣೆಯಾದ ಕಿಮ್ ಪೀಕ್ ಅವರಿಗೆ ಅಪಾರ ನೆನಪಿನ ಶಕ್ತಿ ಇತ್ತು, ಮೆದುಳಿನ ಎರಡು ಭಾಗ ಜೋಡಿಸುವ ನರಗಳ ಕಟ್ಟು ಹುಟ್ಟಿನಿಂದಲೇ ಇರಲಿಲ್ಲ, ಆದರೆ ಅವರಿಗಿದ್ದದ್ದು ಆಟಿಸಂ ಅಲ್ಲ ಅಂತ ಆಮೇಲೆ ತಿಳಿಯಿತು. ಅಂಥ ವಿಶೇಷ ಶಕ್ತಿ ಆಟಿಸಂ ಇರುವ ಕೆಲವರಲ್ಲಿ ಇರುತ್ತದೆ, ಬಹಳ ಜನರಲ್ಲಿ ಇರುವುದಿಲ್ಲ. ಇಲ್ಲದವರ ಮನೆಗೆ ನೆಂಟರು ಬಂದು “ನಿಮ್ಮ ಹುಡುಗ ಏನರ ಸ್ಪೆಷಲ್ ಮಾಡ್ತಾನೇನ್ರಿ?” ಅಂತ ಕೇಳುವುದನ್ನು ನಾನೇ ಎಷ್ಟೋ ಮನೆಯವರ ಬಾಯಲ್ಲಿ ಕೇಳಿದ್ದೇನೆ.

ಆಮೇಲೆ ಒಂದು ಪ್ರಶ್ನೆ ಕೇಳಿದೆ. ನಿಮ್ಮ ಕಥೆಯಲ್ಲಿ ಆ ಹುಡುಗನಿಗೆ ಅಕ್ಕ ಯಾಕಿಲ್ಲ?

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ವಿಷಯ ಹೊರಬಂತು. ಈಕೆಯನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ತಮ್ಮನನ್ನು ಶಹಾಬಾದಿನ ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ಕಳಿಸಿದ್ದು ತಂದೆ, ಆದರೆ ಬ್ಯಾಗಿಗೆ ಬಟ್ಟೆ ತುಂಬಿದ್ದು ಅಕ್ಕ. “ಬಸ್ಸಿನಾಗ ಹೋಗ್ತೀ ಅಂದ್ಕೂಡ್ಲೆ ಖುಷಿಯಿಂದ ಹೋದಾ ರೀ” ಅಂತ ಹೇಳುವಾಗ ಕಣ್ಣು ತುಂಬಿ ಬಂತು. ಆ ಸಂಬಂಧ ಕುದುರಲಿಲ್ಲ. ಕಥೆ ಬರೆಯಲು ಕೂತದ್ದು ಅದಾದ ಮೇಲೆಯೇ. ಅಂದ ಮೇಲೆ ಕಥೆಯ ಕೊನೆಯ ಆ ಚಪ್ಪಾಳೆ ಮಕ್ಕಳಿಂದ ಬರಬೇಕಾದದ್ದಲ್ಲ, ಮನೆಗೆ ಬಂದು ಚಹಾ ಕುಡಿದು ಹೋದವರಿಂದ ಬರಬೇಕಾಗಿತ್ತು. ಈ ಮಾತನ್ನು ಅವರೇ ಹೇಳಿದರು, ನಾನು ಹೇಳಬೇಕಾಗಲಿಲ್ಲ.

ಇನ್ನು ಸಲಹೆ. ಮೊದಲು ತಮ್ಮನ ನಿದ್ದೆ. ಅವನಿಗೆ ಬಾಯಿಮಾತಿಗಿಂತ ಬರಹ ಸಲೀಸು, ಹಾಗಾಗಿ ಒಂದು ಚೀಟಿ ಬರೆದು ಕೊಡಲು ಹೇಳಿದೆ: ‘ಕಥೆಯ ಹುಡುಗ ನೀನಲ್ಲ. ನಿನಗೆ ಲೆಕ್ಕ ಬರದಿದ್ದರೂ ನಡೆಯುತ್ತದೆ. ರಾತ್ರಿ ಲೆಕ್ಕ ಮಾಡಬೇಕಾಗಿಲ್ಲ.’ ಗಟ್ಟಿಯಾಗಿ, ಸುತ್ತುಬಳಸದೆ. ಇಷ್ಟಾದರೂ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರಿಗೆ ತೋರಿಸಿ, ತಡ ಮಾಡಬೇಡಿ ಅಂದೆ.

ಎರಡನೆಯದು, ಕಥೆ ಅವನನ್ನು ಕೇಳಿ ಬರೆಯುವುದು. “ಹೇಗನ್ನಿಸಿತು?” ಅಂತ ಕೇಳಿದರೆ ಅವನು ಒದ್ದಾಡುತ್ತಾನೆ. ಕಾಗದದ ಮೇಲೆ ಚಿಕ್ಕ ಪ್ರಶ್ನೆ ಬರೆದಿಡಿ. ಈ ಭಾಗ ಇರಲೋ ಬೇಡವೋ? ಹುಡುಗ ಎಲ್ಲಿಗೆ ಹೋಗಬೇಕು? ಉತ್ತರಕ್ಕೆ ಅವಸರ ಮಾಡಬೇಡಿ. ಬೇಡ ಅಂದರೆ ಬೇಡ, ಅದು ನಿಮಗೆ ಎಷ್ಟೇ ಒಳ್ಳೆಯ ಸಾಲಾಗಿದ್ದರೂ.

ಅವನು ಬರೆದ ಉತ್ತರಗಳನ್ನು ಮುಂದಿನ ಸಲ ತಂದು ತೋರಿಸಿದರು. ‘ಹುಡುಗ ಊಟ ಮಾಡಿಲ್ಲ. ರೊಟ್ಟಿ ಶೇಂಗಾ ಹಿಂಡಿ ಕೊಡು.’ ‘ಗೋಡೆ ಯಾಕೆ. ಬಸ್ ಸ್ಟ್ಯಾಂಡ್ ಅದ.’ ‘ಅಳೋದು ಬೇಡ.’ ಇಡೀ ಹಳೇ ಕಥೆಯಲ್ಲಿ ಆ ಹುಡುಗನಿಗೆ ಏನು ಬೇಕು ಅಂತ ಒಂದು ಸಾಲೂ ಇರಲಿಲ್ಲ ಅನ್ನುವುದು ಅಕ್ಕನಿಗೆ ಹೊಳೆದದ್ದು ಆಗಲೇ. ಉಳಿದವರನ್ನು ಒಳ್ಳೆಯವರನ್ನಾಗಿ ಮಾಡುವುದಷ್ಟೇ ಅವನ ಕೆಲಸವಾಗಿತ್ತು.

ಡೇಮಿಯನ್ ಮಿಲ್ಟನ್ ಅಂತ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಇದ್ದಾರೆ, ಅವರಿಗೂ ಆಟಿಸಂ ಇದೆ. ಆಟಿಸಂ ಇರುವವರಿಗೆ ಬೇರೆಯವರ ಮನಸ್ಸು ತಿಳಿಯುವುದಿಲ್ಲ ಅಂತ ಎಲ್ಲರೂ ಹೇಳುತ್ತಿದ್ದಾಗ, ಬೇರೆಯವರಿಗೂ ಇವರ ಮನಸ್ಸು ತಿಳಿಯುವುದಿಲ್ಲವಲ್ಲ, ಎಡವುವುದು ಎರಡೂ ಕಡೆ ಅಂತ 2012ರಲ್ಲಿ ಬರೆದರು. ಇದನ್ನು ಅಕ್ಕನಿಗೆ ಹೇಳಿ, ಹುಡುಗ ಸರಿಯಾಗಿದ್ದು ಉಳಿದವರು ತಪ್ಪು ತಿಳಿಯುವ ಒಂದು ದೃಶ್ಯ ಬರೆಯಿರಿ ಅಂದೆ. ಬಸ್ ಸ್ಟ್ಯಾಂಡಿನಲ್ಲೇ ಬರೆದರು. ಜೇವರ್ಗಿ ಬಸ್ಸು ದಿನವೂ ನಿಲ್ಲುವ ಜಾಗ ಬಿಟ್ಟು ಬೇರೆಡೆ ನಿಂತಿದೆ, ಹುಡುಗ ಕೈ ಜೋರಾಗಿ ಅಲ್ಲಾಡಿಸುತ್ತಾ ಹತ್ತಲು ಒಲ್ಲೆ ಅನ್ನುತ್ತಾನೆ, ಗೆಳೆಯರು ಹಟಮಾರಿ ಅಂತ ಎಳೆಯುತ್ತಾರೆ. ಅವನಿಗೆ ಗಾಬರಿ, ಇವರಿಗೆ ಅವಸರ. ಒಬ್ಬಳು ಹುಡುಗಿ ಮಾತ್ರ ಎಳೆಯುವುದು ಬಿಟ್ಟು, ಬೋರ್ಡ್ ಓದು ಅನ್ನುತ್ತಾಳೆ. ಓದುತ್ತಾನೆ, ಹತ್ತುತ್ತಾನೆ. ಅಷ್ಟೇ ಕಥೆ.

ನಾಟಕದ ವಿಷಯದಲ್ಲಿ ಸ್ವಲ್ಪ ಖಡಕ್ಕಾಗಿಯೇ ಹೇಳಿದೆ. ಶಾಲೆಯಲ್ಲಿ ಆಟಿಸಂ ಇರುವ ಹುಡುಗ ಒಬ್ಬನೇ ಇದ್ದಾಗ ಸ್ಟೇಜ್ ಮೇಲೆ ಅಂಥದೇ ಪಾತ್ರ ಬಂದರೆ ಇಡೀ ಸಭೆ ಅವನ ಕಡೆ ತಿರುಗುತ್ತದೆ. ಮೊದಲು ಅವನ ತಂದೆತಾಯಿಗೆ ಓದಿ ಹೇಳಿ, ಸಾಧ್ಯವಾದರೆ ಅವನಿಗೂ. ಅವರು ಬೇಡ ಅಂದರೆ ನಾಟಕ ಬಿಟ್ಟುಬಿಡಿ, ಕಥೆಯಾಗಿ ಬೇರೆ ಕಡೆ ಓದಬಹುದು. ಪಾತ್ರ ಮಾಡುವ ಹುಡುಗ ಕೈ ಅಲ್ಲಾಡಿಸಿದಾಗ ಜನ ನಕ್ಕರೆ, ಅವನು ಕೈ ಅಲ್ಲಾಡಿಸುವುದು ಯಾಕೆ ಅಂತ ಅಲ್ಲಿಯೇ ತಿಳಿಯುವ ಹಾಗೆ ದೃಶ್ಯ ಇರಬೇಕು, ಇಲ್ಲದಿದ್ದರೆ ಮರುದಿನ ಗ್ರೌಂಡಿನಲ್ಲಿ ಎಲ್ಲರೂ ಅದನ್ನೇ ಅಣಕಿಸುತ್ತಾರೆ. ಜೋರು ಸದ್ದು ಆ ಹುಡುಗನಿಗೆ ಕಷ್ಟವಾಗಬಹುದು, ಮೈಕು, ಸೌಂಡ್ ಬಾಕ್ಸ್ ಕಡಿಮೆ ಮಾಡಿಸಿ.

ಕಥೆ ಒಂದರಿಂದಲೇ ಎಲ್ಲ ಆಗುವುದಿಲ್ಲ ಅನ್ನುವುದೂ ನಿಜ. ಡಬ್ಬಿ ಬಚ್ಚಿಡುವುದನ್ನು ನಿಲ್ಲಿಸಲು ನಾಟಕದ ತನಕ ಕಾಯಬೇಕಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಕ್ಲಾಸಿನಲ್ಲಿ ಸಮನಾಗಿ ಕೂರುವುದು ಅವನ ಹಕ್ಕು, ಯಾರದೋ ಕರುಣೆ ಅಲ್ಲ. ಹೆಡ್ ಮಾಸ್ತರ ಹತ್ತಿರ ಈ ಮಾತು ಬೇರೆಯಾಗಿಯೇ ಆಡಿ ಅಂದೆ.

ಹೊಸ ಕಥೆ ಓದಿ ಹೆಡ್ ಮಾಸ್ತರು “ಸಂದೇಶ ಎಲ್ಲ್ಯದ ಇದ್ರಾಗ?” ಅಂದರಂತೆ. ಐದನೇ ಕ್ಲಾಸಿನ ಆ ಹುಡುಗನ ತಂದೆತಾಯಿ ಮಾತ್ರ ಒಪ್ಪಿದ್ದಾರೆ, ಬಸ್ಸಿನ ಬೋರ್ಡು ತಾವೇ ಮಾಡಿಕೊಡುತ್ತೇವೆ ಅಂದಿದ್ದಾರೆ. ತಮ್ಮ ಗುಣಾಕಾರ ನಿಲ್ಲಿಸಿದ್ದಾನೆ, ‘ಚಪ್ಪಾಳಿ ಇಲ್ಲ’ ಅನ್ನುವುದು ಆಗಾಗ ಇದೆ. ಗಂಡಿನ ಕಡೆಯವರು ಮತ್ತೆ ಬರುವ ಮಾತು ನಡೆದಿದೆಯಂತೆ. ಈ ಸಲ ತಮ್ಮನೂ ಮನೆಯಲ್ಲೇ ಇರಬೇಕು, ಇರುತ್ತೇನೆ ಅಂದರೆ ಎಲ್ಲರ ಜೊತೆ ಕೂರಬೇಕು, ಅನ್ನುವುದನ್ನು ಅಕ್ಕ ತಂದೆಗೆ ಇನ್ನೂ ಹೇಳಿಲ್ಲ. ಮುಂದಿನ ಸಲ ತಾಯಿಯನ್ನು ಕರೆದುಕೊಂಡು ಬನ್ನಿ ಅಂದಿದ್ದೇನೆ. ಮೊದಲು ಅವರ ಹತ್ತಿರ ಮಾತಾಡಬೇಕು.