ಗೊರಿಲ್ಲಾ ಆವರಣ: ಎಕರೆ ಲೆಕ್ಕ ಸಾಲದು

ಪ್ರಶ್ನೆ: ಮೈಸೂರು ಮೃಗಾಲಯದಲ್ಲಿ ಮಕ್ಕಳಿಗೆ ಗೊರಿಲ್ಲಾ ತೋರಿಸಿ ಬಂದೆವು. ನ್ಯೂಯಾರ್ಕಿನಲ್ಲಿ ಅವಕ್ಕೆ ಕಾಡನ್ನೇ ಕಟ್ಟಿಕೊಟ್ಟಿದ್ದಾರಂತೆ. ಯಾವುದು ಒಳ್ಳೆಯದೆಂದು ತಿಳಿಯುವುದು ಹೇಗೆ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ನೀವು ಹೇಳುತ್ತಿರುವುದು ಬ್ರಾಂಕ್ಸ್ ಮೃಗಾಲಯ 1999ರಲ್ಲಿ ತೆರೆದ ‘ಕಾಂಗೋ ಗೊರಿಲ್ಲಾ ಫಾರೆಸ್ಟ್’. ಒಟ್ಟು 6.5 ಎಕರೆ. ಆದರೆ ಒಕಾಪಿ (ಜಿರಾಫೆಯ ಬಂಧು), ಮ್ಯಾಂಡ್ರಿಲ್ ಕೋತಿಗಳ ಜಾಗ, ಜನ ಓಡಾಡುವ ದಾರಿ ಎಲ್ಲವೂ ಅದರಲ್ಲೇ ಸೇರಿವೆ. ಚಳಿ ದೇಶಗಳಲ್ಲಿ ಇನ್ನೊಂದು ಮಾತು: ಚಳಿಗಾಲದಲ್ಲಿ ಗೊರಿಲ್ಲಾಗಳು ಹೆಚ್ಚಿನ ಹೊತ್ತು ಒಳಗೇ ಇರುವುದರಿಂದ, ಹೊರಗಿನ ಹಸಿರಿಗಿಂತ ಒಳಮನೆ ಎಷ್ಟು ದೊಡ್ಡದು ಎನ್ನುವುದೇ ಮುಖ್ಯ. ಮೈಸೂರಿನ ಹವೆಯಲ್ಲಿ ವರ್ಷವಿಡೀ ಹೊರಗೆ ಬಿಡಬಹುದು. ಇದು ಸಣ್ಣ ಅನುಕೂಲವಲ್ಲ.

ಇಂಗ್ಲೆಂಡಿನ ಕೆಂಟ್‌ನಲ್ಲಿರುವ ಹೌಲೆಟ್ಸ್ ಮೃಗಾಲಯ ನೋಡಿದವರಿಗೆ ಬೇಸರವೇ ಆದೀತು. ಕಣ್ಣಿಗೆ ಕಾಣುವುದು ದೊಡ್ಡ ಜಾಲರಿ ಪಂಜರ. ಆದರೆ ಆ ಜಾಲರಿ ಹಿಡಿದು ಗೊರಿಲ್ಲಾ ಮೇಲೆ ಹತ್ತುತ್ತದೆ, ನೇತಾಡುತ್ತದೆ. ನೆಲಕ್ಕೆ ದಪ್ಪಗೆ ಒಣಹುಲ್ಲು ಹಾಸಿ ಅದರೊಳಗೆ ತಿನಿಸು ಎರಚುತ್ತಾರೆ. ಹೆಕ್ಕಿ ತಿನ್ನುವುದರಲ್ಲೇ ಬಹಳ ಹೊತ್ತು ಹೋಗುತ್ತದೆ. ಅಲ್ಲಿ ಮತ್ತು ಅದರ ಜೊತೆಯ ಪೋರ್ಟ್ ಲಿಂಪ್ ಮೃಗಾಲಯದಲ್ಲಿ ನೂರಕ್ಕೂ ಹೆಚ್ಚು ಮರಿಗಳು ಹುಟ್ಟಿವೆ. ನೋಡುವವರ ಕಣ್ಣಿಗೆ ಚೆಂದ ಕಂಡದ್ದೆಲ್ಲ ಪ್ರಾಣಿಗೆ ಒಳ್ಳೆಯದಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮೈಸೂರಿನಲ್ಲಿ ಪೋಲೋ ಎಂಬ ಗೊರಿಲ್ಲಾ 2014ರಲ್ಲಿ ತೀರಿಕೊಂಡ ಮೇಲೆ, 2021ರಲ್ಲಿ ಜರ್ಮನಿಯಿಂದ ಬಂದ ಥಾಬೊ ಮತ್ತು ಡೆಂಬಾ ಎರಡೂ ಗಂಡು. ಗೊರಿಲ್ಲಾ ಗುಂಪಿನಲ್ಲಿ ಸಾಮಾನ್ಯವಾಗಿ ಬೆಳ್ಳಿಬೆನ್ನಿನ (ಪೂರ್ತಿ ಬೆಳೆದ) ಒಂದೇ ಗಂಡಿಗೆ ಹಲವು ಹೆಣ್ಣುಗಳು. ಆದರೆ ಗಂಡು, ಹೆಣ್ಣು ಹುಟ್ಟುವುದೋ ಹೆಚ್ಚುಕಡಿಮೆ ಸಮಸಮ. ಉಳಿದ ಗಂಡುಗಳನ್ನು ಹೀಗೆ ಜೊತೆಯಾಗಿ ಸಾಕುತ್ತಾರೆ. ಹಾಗಾಗಿ ಮುಂದಿನ ಸಲ ಹೋದಾಗ ಇದನ್ನು ಗಮನಿಸಿ: ಒಂದು ಗಂಡು ಇನ್ನೊಂದರ ಕಣ್ಣಿಗೆ ಬೀಳದೆ ಕೂರಲು ದಿಬ್ಬ, ಪೊದೆ, ಗೋಡೆಮರೆ ಇದೆಯೇ? ಸುತ್ತಿ ಬರುವ ದಾರಿ ಇದೆಯೇ? ಮುಂದೆ ದಾರಿಯಿಲ್ಲದ ಮೂಲೆಗೆ ಸಿಕ್ಕಿಬಿದ್ದಾಗಲೇ ಕಚ್ಚಾಟ ಜೋರಾಗುವುದು. ಜನ ನಾಲ್ಕೂ ಕಡೆ ನಿಂತು ನೋಡುವಂತಿದ್ದರೆ ಆವರಣ ಎಷ್ಟೇ ದೊಡ್ಡದಿರಲಿ, ನಾನು ಅಂಕ ಕಳೆಯುತ್ತೇನೆ.

ಪ್ರಶ್ನೆ: ನಮ್ಮ ತೋಟದ ಆನೆ ಕಂದಕ ಒಂದೇ ಮಳೆಗಾಲಕ್ಕೆ ಕುಸಿಯುತ್ತದೆ. ಗೊರಿಲ್ಲಾವನ್ನು ಕಂದಕ ತಡೆಯುತ್ತದೆಯೇ?
– ಓದುಗರೊಬ್ಬರು, ಸಿದ್ದಾಪುರ

ಉತ್ತರ: ಬರೀ ಮಣ್ಣಿನ ಕಂದಕ ತಡೆಯದು. ಆನೆಗೆ ಹತ್ತಲಾಗದ ಇಳಿಜಾರನ್ನು ಗೊರಿಲ್ಲಾ ಬೇರು ಹಿಡಿದು ಹತ್ತೀತು. ಅದಕ್ಕೇ ಜನರ ಕಡೆಯ ಗೋಡೆ ನೇರವಾಗಿ, ಹಿಡಿಗೆ ಸಿಗದಷ್ಟು ನುಣ್ಣಗಿರಬೇಕು. ಬಾಗಿದ ಕೊಂಬೆಯನ್ನು ಆಗಾಗ ಕಡಿಯಬೇಕು.

ನೀರಿನ ಕಂದಕವನ್ನೂ ಪೂರ್ತಿ ನಂಬುವಂತಿಲ್ಲ. ಗೊರಿಲ್ಲಾ ಈಜುವುದಿಲ್ಲ, ನಿಜ. ಆದರೂ 2007ರಲ್ಲಿ ನೆದರ್‌ಲೆಂಡ್ಸ್‌ನ ರೋಟರ್‌ಡ್ಯಾಮ್ ಮೃಗಾಲಯದ ಬೊಕಿಟೊ ಎಂಬ ಗೊರಿಲ್ಲಾ ನೀರು ದಾಟಿ ಬಂದು ಒಬ್ಬ ಮಹಿಳೆಯನ್ನು ತೀವ್ರವಾಗಿ ಗಾಯಗೊಳಿಸಿತು. ನೀರಿಗೆ ಬಿದ್ದರೆ ಮುಳುಗಿ ಸಾಯುವ ಭಯವೂ ಇದೆ. ಆದ್ದರಿಂದ ಪ್ರಾಣಿಯ ಕಡೆಯ ಅಂಚು ಮೆಲ್ಲಗೆ ಆಳವಾಗುತ್ತ ಹೋಗಬೇಕು. ಗಾಜಾದರೆ ಪದರ ಪದರವಾಗಿ ಅಂಟಿಸಿದ್ದೇ ಬೇಕು. 2015ರಲ್ಲಿ ಅಮೆರಿಕದ ಒಮಾಹಾ ಮೃಗಾಲಯದ ಗೊರಿಲ್ಲಾ ಗುದ್ದಿ ಬಿರುಕು ಬಿಡಿಸಿತಾದರೂ ಗಾಜು ಒಡೆದು ಬೀಳಲಿಲ್ಲ. ಗಾಜಿನಿಂದ ಇನ್ನೊಂದು ಲಾಭ, ನಮ್ಮ ನೆಗಡಿ-ಕೆಮ್ಮು ಅವಕ್ಕೆ ತಗಲುವುದು ಕಡಿಮೆ.

ಜನರ ಕಡೆಯ ಬೇಲಿಯೂ ಅಷ್ಟೇ ಮುಖ್ಯ. ಅಮೆರಿಕದ ಸಿನ್ಸಿನಾಟಿ ಮೃಗಾಲಯದಲ್ಲಿ 2016ರಲ್ಲಿ 3 ವರ್ಷದ ಮಗು ಬೇಲಿ ದಾಟಿ ಕಂದಕಕ್ಕೆ ಬಿದ್ದು, ಹರಾಂಬೆ ಎಂಬ ಗೊರಿಲ್ಲಾವನ್ನು ಗುಂಡಿಟ್ಟು ಕೊಲ್ಲಬೇಕಾಯಿತು. ಮಕ್ಕಳನ್ನು ಕಟಕಟೆಯ ಮೇಲೆ ದಯವಿಟ್ಟು ಕೂರಿಸಬೇಡಿ.

ಪ್ರಶ್ನೆ: ತೋಟದ ಬಾಳೆಹಣ್ಣು ಕೊಡಬಹುದೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಬೇಡ. ನಾವು ಬೆಳೆಸಿದ ಹಣ್ಣಿನಲ್ಲಿ ಸಕ್ಕರೆ ಜಾಸ್ತಿ, ನಾರು ಕಡಿಮೆ. ಸಾಕಿದ ಗಂಡು ಗೊರಿಲ್ಲಾಗಳಲ್ಲಿ ಹೃದಯದ ಕಾಯಿಲೆ ಹೆಚ್ಚು. ಅಮೆರಿಕದ ಕ್ಲೀವ್‌ಲ್ಯಾಂಡ್ ಮೃಗಾಲಯ ಪ್ರಾಣಿಗಳಿಗೆಂದೇ ತಯಾರಿಸಿದ ಪೌಷ್ಟಿಕ ಬಿಸ್ಕತ್ತು ನಿಲ್ಲಿಸಿ ರಾಶಿ ಸೊಪ್ಪು ಕೊಟ್ಟಾಗ ಅಲ್ಲಿನ ಗಂಡುಗಳ ತೂಕ ಇಳಿಯಿತು, ತಿಂದದ್ದನ್ನು ಕಕ್ಕಿ ಮತ್ತೆ ತಿನ್ನುವ ಚಟವೂ ನಿಂತಿತು. ಕಾಡಿನಲ್ಲಿ ಅವು ಇಷ್ಟಪಟ್ಟು ತಿನ್ನುವ ಆಫ್ರಮೋಮಮ್ ಗಿಡ ನಿಮ್ಮ ಏಲಕ್ಕಿಯ ಕುಟುಂಬದ್ದೇ. ಹಾಗೆಂದು ಏಲಕ್ಕಿಯನ್ನೂ ಒಯ್ಯಬೇಡಿ. ಹೊರಗಿನಿಂದ ಎಸೆದ ಯಾವ ತಿನಿಸೂ ಅವುಗಳ ಊಟದ ಲೆಕ್ಕ ಕೆಡಿಸುತ್ತದೆ.